ಎಂಟನೇ ನಂಬರಿನ ಗ್ಲೌಸು

ಹೆಣ ಕೊಯ್ಯುವುದು ಡಾಕ್ಟರ ಕೆಲಸ ಎಂದು ನಂಬಿಕೊಂಡವರು ಒಮ್ಮೆ ಆ ದೊಡ್ಡಾಸ್ಪತ್ರೆಯ ಹಿಂಬದಿಗೆ ಬರಬೇಕು. ಅಲ್ಲಿ ಶವಾಗಾರ. ಶವಾಗಾರಕ್ಕೆ ಒಂದೇ ಬಾಗಿಲು. ಬಾಗಿಲ ಒಳಗೆ ಸೂಜಿ. ಬಾಗಿಲ ಹೊರಗೆ, ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ ಡಾಕ್ಟರು.

ಸೂಜಿ ಎಂದರೆ ಹೆಂಗಸು. ಕೊಯ್ದ ಮೈಯನ್ನು ಮತ್ತೆ ಹೊಲಿದು, ಮನೆಯವರು ಮುಖ ನೋಡುವ ಹಾಗೆ ಮಾಡಿ ಕೊಡುವವಳು. ಅದಕ್ಕೇ ಆ ಹೆಸರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಬೆಚ್ಚಗಿರಲಿ ಎಂದು ಅವಳೂ ಬಿಟ್ಟಿದ್ದಳು. ಹಾಗಂತ ಅವಳೇನು ಬಾಯಿ ಸತ್ತವಳಲ್ಲ. ಡಾಕ್ಟರಿಗೆ ‘ಕರ್ಚೀಫು ಡಾಕ್ಟರು’ ಎಂದು ಹೆಸರಿಟ್ಟವಳು ಅವಳೇ. ಅವಳು ಕಾರಿಡಾರಿನಲ್ಲಿ ಎದುರಾದರೂ ಸಾಕು, ಅವರ ಕರ್ಚೀಫು ಮೂಗಿಗೆ ಏರುತ್ತಿತ್ತು. ಕ್ಯಾಂಟೀನಿನವನು ಅವಳ ಲೋಟವನ್ನು ಹೊರಗೆ ಮೊಳೆಗೆ ನೇತುಹಾಕಿ, ಟೀಯನ್ನು ಒಂದು ಮೊಳ ಮೇಲಿನಿಂದ ಹುಯ್ಯುತ್ತಿದ್ದ.

"ಸತ್ತವರು ಒಬ್ಬರೂ ನನ್ನ ಕೈ ಕಂಡು ಮುಖ ಸಿಂಡರಿಸಿಲ್ಲ ನೋಡು," ಎನ್ನುತ್ತಿದ್ದಳು ಸೂಜಿ. "ಬದುಕಿರೋರದ್ದೇ ಕಾಟ."

ಕೆಲಸದ ಕ್ರಮ ಹೀಗೆ. ಸೂಜಿ ಕೊಯ್ಯುತ್ತಾಳೆ. ಸೂಜಿ ನೋಡುತ್ತಾಳೆ. ಸೂಜಿ ಅಳೆಯುತ್ತಾಳೆ. ಒಳಗಿನಿಂದ ಕೂಗಿ ಹೇಳುತ್ತಾಳೆ. ಡಾಕ್ಟರು ಕುರ್ಚಿಯಲ್ಲಿ ಕೂತು ಬರೆದುಕೊಳ್ಳುತ್ತಾರೆ. ಕೊನೆಗೆ ‘ನಾನು ಖುದ್ದಾಗಿ ಪರೀಕ್ಷಿಸಿದ್ದೇನೆ’ ಎಂಬ ಅಚ್ಚಾದ ಸಾಲಿನ ಕೆಳಗೆ ಸಹಿ ಹಾಕಿ, ಸೋಪು ತೆಗೆದುಕೊಂಡು ಕೈ ತೊಳೆಯಲು ಹೋಗುತ್ತಾರೆ. ಯಾವ ಕೊಳೆ ತೊಳೆಯಲು ಎನ್ನುವುದು ಸೂಜಿಗೆ ಬಿಡಿಸಲಾಗದ ಒಗಟು.

"ಗಾಯ ಎಷ್ಟಗಲ?"

"ಮೂರು ಬೆರಳು ಸಾರ್."

"ಮೂರೆರಡ್ಲ ಆರು. ಆರು ಸೆಂಟಿಮೀಟರ್."

ಸ್ಕೇಲು ಇರಲಿಲ್ಲವೆಂದಲ್ಲ. ಅದು ಡಾಕ್ಟರ ಮೇಜಿನ ಮೇಲೆ, ರಿಜಿಸ್ಟರಿಗೆ ಗೆರೆ ಎಳೆಯಲು ಇತ್ತು. ಒಂದು ಬೆರಳಿಗೆ ಎರಡು ಸೆಂಟಿಮೀಟರ್ ಎಂಬ ಮಗ್ಗಿಯನ್ನು ಡಾಕ್ಟರು ಕಲಿತದ್ದು ಸೂಜಿಯ ಗಂಡನ ಕಾಲದಲ್ಲಿ. ಆ ಕೋಣೆಯಲ್ಲಿ ಹದಿನೆಂಟು ವರ್ಷ ಕೊಯ್ದು ಹೊಲಿದವನು ಅವನು. ಒಂದು ದಿನ ಹರಿದ ಗ್ಲೌಸಿನೊಳಗೆ ಹೆಣದ ಮುರಿದ ಪಕ್ಕೆಲುಬು ಚುಚ್ಚಿತು. ಕಾಮಾಲೆಯಾಯಿತು. ಹೊಟ್ಟೆ ಊದಿತು. ಸತ್ತ. ಆಸ್ಪತ್ರೆಯವರು ‘ಸಹಜ ಸಾವು’ ಎಂದು ಬರೆದು, ಅವನ ಚಾಕುವನ್ನೂ ಸೂಜಿಯನ್ನೂ ಹೆಂಡತಿಯ ಕೈಗಿಟ್ಟರು.

ಗ್ಲೌಸನ್ನೂ ಕೊಟ್ಟರು. ಎಂಟನೇ ನಂಬರು. ಗಂಡನ ಕೈಯ ಅಳತೆ. ಅವನ ಒಂದೊಂದು ಬೆರಳೂ ಬಾಳೆಕಾಯಿ, ಇವಳದು ಬೆಂಡೆಕಾಯಿ. ಗ್ಲೌಸಿನೊಳಗೆ ಇವಳ ಕೈ ಖಾಲಿ ಮನೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಿತ್ತು. ಚಿಕ್ಕ ನಂಬರು ಕೊಡಿ ಎಂದು ಉಗ್ರಾಣಕ್ಕೆ ಹೋಗಿ ಕೇಳಿದಳು.

"ನಿನ್ನ ಪೋಸ್ಟಿಗೆ ಎಂಟನೇ ನಂಬರೇ ಮಂಜೂರಾಗಿರೋದು," ಎಂದ ಗುಮಾಸ್ತ. "ಕೈ ಬದಲಾಗಿದೆ ಅಂತ ನಮಗೆ ಯಾರೂ ಬರೆದುಕೊಟ್ಟಿಲ್ಲ."

ಸರಿ, ಅವಳು ಎರಡು ಕೆಂಪು ರಬ್ಬರ್ ಬ್ಯಾಂಡುಗಳನ್ನು ತಂದು ಮಣಿಕಟ್ಟಿಗೆ ಬಿಗಿದುಕೊಂಡಳು. ಆ ಬ್ಯಾಂಡುಗಳು ಆರು ವರ್ಷದಿಂದ ಅವಳ ಕೈಯಲ್ಲೇ ಇದ್ದವು. ಅಳೆಯುವಾಗ ಮಾತ್ರ ಗ್ಲೌಸು ಕಳಚಿ ಬರಿಗೈ ಇಡುತ್ತಿದ್ದಳು. ಜೋಲುವ ರಬ್ಬರಿನಲ್ಲಿ ಅಳತೆ ಸುಳ್ಳಾಗುತ್ತದೆ ಎಂಬ ಪ್ರಾಮಾಣಿಕತೆ ಅವಳಿಗಿತ್ತು. ಅಷ್ಟು ಪ್ರಾಮಾಣಿಕತೆ ಕುರ್ಚಿಗೂ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಲಾಂಡ್ರಿಯಮ್ಮನ ಮಗಳು ಆ ಮೇಜಿನ ಮೇಲೆ ಬಂದದ್ದು ಒಂದು ಮಂಗಳವಾರ.

ಲಾಂಡ್ರಿಯಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವವಳು. ಇಡೀ ಆಸ್ಪತ್ರೆಯಲ್ಲಿ ಸೂಜಿಯ ಪಕ್ಕ ಕೂತು ಊಟದ ಡಬ್ಬಿ ಬಿಚ್ಚುವವಳು ಅವಳೊಬ್ಬಳೇ. ಮಗಳು ಒಬ್ಬ ಕಂಟ್ರಾಕ್ಟರನ ಮನೆಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತೆರಡು ವರ್ಷ. ಬೇರೆ ಕಡೆ ಕೆಲಸ ಸಿಕ್ಕಿದೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಬರಲು ಹೋದವಳು. ಮೆಟ್ಟಿಲಿಂದ ಜಾರಿಬಿದ್ದಳು ಎಂದು ಕಂಟ್ರಾಕ್ಟರನೇ ತನ್ನ ಕಾರಿನಲ್ಲಿ ತಂದು ಹಾಕಿದ. ಪಕ್ಕದ ಮನೆಯವರು ಕಿರುಚಾಟ ಕೇಳಿಸಿತು ಎಂದರು. ಪೊಲೀಸರು ಹೋಗಿ ನೋಡಿದರೆ ಇಡೀ ಗೇಟು ತುಕ್ಕು ಹಿಡಿದಿದೆ, ಗೇಟಿಗೆ ಅಡ್ಡ ಹಾಕುವ ಕಬ್ಬಿಣದ ಪಟ್ಟಿಗೆ ಮಾತ್ರ ಹೊಸ ಬಣ್ಣ. ಅದನ್ನು ವಶಕ್ಕೆ ತೆಗೆದುಕೊಂಡರು.

ಸೂಜಿ ಆ ಹುಡುಗಿಯನ್ನು ಮಗುವಾಗಿದ್ದಾಗಿನಿಂದ ಬಲ್ಲವಳು. ಮೆಲ್ಲಗೆ ಮೈ ಒರೆಸಿದಳು, ಮಗ್ಗುಲು ತಿರುಗಿಸಿದಳು. ಬೆನ್ನಿನ ಮೇಲೆ ನಾಲ್ಕು ಏಟು. ಎಡ ಮುಂಗೈ ಮೇಲೆ ಒಂದು. ಒಂದೊಂದು ಏಟಿಗೂ ಎರಡೆರಡು ಕೆಂಪು ಗೆರೆ, ನಡುವೆ ಬೆಳ್ಳಗೆ. ಚಪ್ಪಟೆ ಪಟ್ಟಿಯಿಂದ ಬಾರಿಸಿದರೆ ಚರ್ಮದ ಮೇಲೆ ಹೀಗೇ ಬೀಳುತ್ತದೆ. ಪಟ್ಟಿ ಎಷ್ಟು ಅಗಲವೋ ಗೆರೆಗಳ ನಡುವಿನ ಜಾಗವೂ ಅಷ್ಟೇ ಅಗಲ. ಇದನ್ನು ಅವಳಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ, ಇಂಥ ಮೈಗಳು ಕಲಿಸಿದ್ದವು. ಗ್ಲೌಸು ಕಳಚಿ ಬೆರಳಿಟ್ಟಳು. ಐದಕ್ಕೆ ಐದೂ ಮೂರು ಬೆರಳು.

"ಕೈ ತೆಗಿ, ಫೋಟೋ ತೆಗೀಬೇಕು," ಎಂದ ಪೊಲೀಸ್ ಫೋಟೋಗ್ರಾಫರ್, ಉಸಿರು ಬಿಗಿಹಿಡಿದು.

"ಕೈ ತೆಗೆದರೆ ಎಷ್ಟಗಲ ಅಂತ ಹೆಂಗಪ್ಪ ಗೊತ್ತಾಗತ್ತೆ? ಒಂದು ಹಿಂಗೇ ಹೊಡಿ."

ವಾದ ಮಾಡಲು ಅವನಿಗೆ ಉಸಿರಿರಲಿಲ್ಲ. ಒಂದು ಹಾಗೇ ಹೊಡೆದು ಓಡಿದ. ಸೂಜಿ ಬಾಗಿಲ ಕಡೆ ತಿರುಗಿ ಎಲ್ಲವನ್ನೂ ಕೂಗಿ ಹೇಳಿದಳು. ಒಳಗೆ ಹೊಟ್ಟೆಯಲ್ಲಿ ರಕ್ತ ತುಂಬಿದ್ದನ್ನೂ ಹೇಳಿದಳು. ಆಮೇಲೆ ಹೊಲಿದಳು. ಅಷ್ಟು ಸಣ್ಣ ಹೊಲಿಗೆಯನ್ನು ಅವಳು ಅದುವರೆಗೆ ಯಾರಿಗೂ ಹಾಕಿರಲಿಲ್ಲ. ಹುಡುಗಿಗೆ ಹೊದಿಸಿದ್ದ ಆಸ್ಪತ್ರೆಯ ಬಟ್ಟೆ ಮೂರು ದಿನದ ನಂತರ ಲಾಂಡ್ರಿಗೆ ಹೋಯಿತು. ತಾಯಿಯೇ ಒಗೆದಳು. ಬೇರೆಯವರ ಕೈಗೆ ಕೊಡಲಿಲ್ಲ.

"ನೀನು ನೋಡಿದ್ಯಲ್ಲ," ಎಂದು ಕೇಳಿದಳು ಲಾಂಡ್ರಿಯಮ್ಮ. "ಬಿದ್ದು ಸತ್ತಳಾ?"

"ಇಲ್ಲ ಅಕ್ಕ. ಹೊಡೆದಿದ್ದಾರೆ."

"ಕಾಗದದಲ್ಲೂ ಹಂಗೇ ಇರತ್ತಾ?"

"ಇರತ್ತೆ. ನಾನೇ ಕೂಗಿ ಹೇಳಿದೀನಿ."

ಹೀಗೆ ಸೂಜಿ ಮಾತು ಕೊಟ್ಟಳು.

ಒಂದು ವರ್ಷವಾದ ಮೇಲೆ ಕೋರ್ಟಿನಿಂದ ಅವಳಿಗೂ ಸಮನ್ಸ್ ಬಂತು. ಹುಡುಗಿಯ ಬಟ್ಟೆಗಳನ್ನು ಗಂಟು ಕಟ್ಟಿ ಪೊಲೀಸರಿಗೆ ಕೊಟ್ಟಾಗ ರಿಜಿಸ್ಟರಿನಲ್ಲಿ ಅವಳ ಸಹಿ ಬಿದ್ದಿತ್ತು. ಹಿಂದಿನ ದಿನ ಡಾಕ್ಟರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಬಾಗಿಲಲ್ಲೇ ನಿಲ್ಲಿಸಿದರು.

"ಕೋರ್ಟಲ್ಲಿ ಮೂರು ಪ್ರಶ್ನೆ ಕೇಳ್ತಾರೆ. ಗಂಟು ಕಟ್ಟಿದ್ದು ನೀನೇನಾ? ಹೌದು. ಡಾಕ್ಟರು ಪರೀಕ್ಷೆ ಮಾಡುವಾಗ ನೀನು ಸಹಾಯಕ್ಕಿದ್ಯಾ? ಹೌದು. ಗಾಯ ಅಳೆದಿದ್ದು ಡಾಕ್ಟರೇ ತಾನೆ? ಹೌದು. ಮುಗೀತು. ಮನೆಗೆ ಹೋಗು."

"ಮೂರನೇದು ಸುಳ್ಳಲ್ವಾ ಸಾರ್?"

"ಎರಡನೇದಕ್ಕೆ ಏನೂ ಅನ್ನಲಿಲ್ಲ, ಮೂರನೇದಕ್ಕೆ ಬಂದುಬಿಟ್ಯಾ?" ಎಂದು ಕರ್ಚೀಫಿನ ಹಿಂದಿನಿಂದ ಹೇಳಿದ ಡಾಕ್ಟರು, ಮೇಜಿನ ಮೇಲಿದ್ದ ಒಂದು ಫೈಲನ್ನು ತಟ್ಟಿದರು. "ಇದೇನು ಗೊತ್ತಾ? ನಿನ್ನ ಖಾಯಂ ಆರ್ಡರು. ಆರು ವರ್ಷದಿಂದ ಟೆಂಪರರಿ ಅಂತ ಅಳ್ತಿದ್ಯಲ್ಲ. ನನ್ನ ಸಹಿ ಒಂದು ಬಾಕಿ. ನಾಳೆ ಮೂರು ಸಲ ಹೌದು ಅಂದು ಬಾ."

ಮೂರು ಹೌದಿಗೆ ಒಂದು ಖಾಯಂ ಕೆಲಸ. ಅಗ್ಗದ ವ್ಯಾಪಾರವೇ. ಸೂಜಿ ಮನೆಗೆ ಹೋಗಿ ಅಭ್ಯಾಸಕ್ಕೆ ಕೂತಳು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ. ಕಣ್ಣು ಮಂಜು, ನಾಲಿಗೆ ಚೂಪು.

"ಅತ್ತೆ, ನೀವು ವಕೀಲರು, ನಾನು ಸಾಕ್ಷಿ. ಏನು ಕೇಳಿದ್ರೂ ನಾನು ಹೌದು ಅಂತೀನಿ. ಕೇಳಿ."

"ಅಡುಗೆಗೆ ಉಪ್ಪು ಹಾಕಿದ್ಯಾ?"

"ಹೌದು."

"ಎಲ್ಲಿ ಹಾಕಿದ್ಯ? ಬಾಯಿಗಿಟ್ಟರೆ ಸಪ್ಪೆ. ಅನ್ನಕ್ಕೆ ಎಷ್ಟು ನೀರಿಟ್ಟೆ?"

"ನೀವು ಹೇಳಿದ ಹಾಗೇ. ಅಕ್ಕಿ ಮೇಲೆ ಮೂರು ಬೆರಳು."

"ಅದಕ್ಕೇ ದಿನಾ ಕಲ್ಲು ಜಗಿಯೋ ಹಾಗಾಗಿದೆ ನನ್ನ ಗತಿ! ನಾನು ಹೇಳೋದು ನನ್ನ ಮಗನ ಮೂರು ಬೆರಳು. ಅವನ ಮೂರು ಅಂದರೆ ನಿನ್ನ ನಾಲ್ಕು. ಆರು ವರ್ಷದಿಂದ ಬಡ್ಕೋತಾ ಇದೀನಿ, ತಲೆಗೆ ಹೋದರೆ ತಾನೆ?"

"ಹೌದು," ಎಂದಳು ಸೂಜಿ, ಅಭ್ಯಾಸ ತಪ್ಪಬಾರದೆಂದು.

ಮರುದಿನ ತುಂತುರು ಮಳೆ. ಸಮನ್ಸ್ ಕಾಗದ ನೆನೆಯದಿರಲೆಂದು ಅದನ್ನು ಒಂದು ಹೊಸ ಗ್ಲೌಸಿನೊಳಗೆ ತುರುಕಿ, ಬ್ಯಾಗಿನಲ್ಲಿಟ್ಟುಕೊಂಡು ಹೋದಳು. ಕೋರ್ಟಿನ ಜಗುಲಿಯಲ್ಲಿ ಸಾಕ್ಷಿಗಳಿಗೆ ಒಂದು ಉದ್ದನೆಯ ಬೆಂಚು. ಕಾಲಿಡಲು ಜಾಗವಿಲ್ಲ. ಏನು ಕೆಲಸ ಮಾಡ್ತೀರಮ್ಮ ಎಂದು ಪಕ್ಕದವನು ಕೇಳಿದ. ಹೇಳಿದಳು. ಎರಡು ನಿಮಿಷದಲ್ಲಿ ಇಡೀ ಬೆಂಚು ಅವಳದಾಯಿತು. ಕಾಲು ಚಾಚಿ ಕೂತಳು.

ಒಳಗೆ ಕರೆದರು. ಕಟಕಟೆ ಹತ್ತಿದಳು. ಹಿಂದಿನ ಸಾಲಿನಲ್ಲಿ ಲಾಂಡ್ರಿಯಮ್ಮ ಕೂತಿದ್ದಳು. ಕಂಟ್ರಾಕ್ಟರ ಕೈಕಟ್ಟಿ ನಿಂತಿದ್ದ, ಬೇರೆ ಯಾರದೋ ಕೇಸಿಗೆ ಬಂದವನ ಹಾಗೆ. ಮುಂದಿನ ಸಾಲಿನಲ್ಲಿ ಡಾಕ್ಟರು. ಅವರ ಸಾಕ್ಷಿ ಆಗಲೇ ಮುಗಿದಿತ್ತು. ಕೋರ್ಟಿನಲ್ಲಿ ಕರ್ಚೀಫು ಹಿಡಿಯುವಂತಿಲ್ಲವಲ್ಲ, ಅವರ ಮೂಗನ್ನು ಸೂಜಿ ಪೂರ್ತಿಯಾಗಿ ನೋಡಿದ್ದು ಅಂದೇ ಮೊದಲು. ಒಳ್ಳೆಯ ಮೂಗೇ.

ಸರ್ಕಾರಿ ವಕೀಲರು ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಹೌದು. ಆಮೇಲೆ ಕಂಟ್ರಾಕ್ಟರನ ವಕೀಲರು ಎದ್ದರು.

"ಹೆದರಬೇಡಮ್ಮ. ಡಾಕ್ಟರು ಆಗಲೇ ಹೇಳಿದ್ದಾರೆ, ಐದು ಗಾಯಗಳ ಅಗಲವೂ ಆರು ಸೆಂಟಿಮೀಟರ್. ಪೊಲೀಸರು ತಂದಿರೋ ಈ ಪಟ್ಟಿ ನಾಲ್ಕೂವರೆ. ನಮ್ಮ ಕಕ್ಷಿದಾರರ ಮನೆ ಮೆಟ್ಟಿಲ ಅಂಚು ಸರಿಯಾಗಿ ಆರು. ಅಂದಮೇಲೆ ಹುಡುಗಿ ಮೆಟ್ಟಿಲ ಮೇಲೇ ಬಿದ್ದಿದ್ದು. ನಿನ್ನಿಂದ ಒಂದೇ ಮಾತು ಬೇಕು. ಆ ಅಳತೆ ತೆಗೆದದ್ದು ಡಾಕ್ಟರು ತಾನೆ?"

ಮೂರನೇ ಹೌದು. ನಾಲಿಗೆಯ ತುದಿಯಲ್ಲೇ ಇತ್ತು.

ಆದರೆ ಅವಳು ಆಗಷ್ಟೇ ಗುರುತು ಹಿಡಿದ ಬಟ್ಟೆಯ ಗಂಟಿನ ಪಕ್ಕದಲ್ಲೇ, ಕಟಕಟೆಯ ಮುಂದಿನ ಮೇಜಿನ ಮೇಲೆ, ಆ ಪಟ್ಟಿ ಬಿದ್ದಿತ್ತು. ಸೂಜಿಯ ಕೈ ತಾನಾಗಿ ಮುಂದೆ ಹೋಯಿತು. ವರ್ಷಗಟ್ಟಲೆಯ ಕೆಲಸದ ಕೈ, ಅಳೆಯುವಂಥದ್ದು ಕಂಡರೆ ಸುಮ್ಮನಿರುವುದಿಲ್ಲ. ಮೂರು ಬೆರಳು ಜೋಡಿಸಿ ಪಟ್ಟಿಯ ಮೇಲಿಟ್ಟಳು. ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಕೂತಿತು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

ಬೇಯದ ಅನ್ನ ನೆನಪಾಯಿತು. ನನ್ನ ಮಗನ ಮೂರು ಬೆರಳು ಎಂದ ಅತ್ತೆಯ ಮಾತು ನೆನಪಾಯಿತು. ಮೂರೆರಡ್ಲ ಆರು ಎಂದು ಬಾಗಿಲಾಚೆಯಿಂದ ಬಂದ ದನಿ ನೆನಪಾಯಿತು. ಸತ್ತ ಗಂಡನ ಬೆರಳಿಟ್ಟು ಅವರು ಈ ಹುಡುಗಿಯ ಏಟುಗಳನ್ನು ಬರೆದಿದ್ದರು. ಡಾಕ್ಟರು ದೂರದಿಂದಲೇ ತಲೆಯಾಡಿಸುತ್ತಿದ್ದರು, ಹೌದು ಅನ್ನು ಎಂದು. ಸೂಜಿಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು.

"ಅಲ್ಲ," ಎಂದಳು.

ವಕೀಲರು ಇನ್ನೂ ನಗುತ್ತಿದ್ದರು. "ಏನಲ್ಲ?"

"ಅಳೆದಿದ್ದು ಡಾಕ್ಟರಲ್ಲ. ನಾನು. ಆರು ಅಂತ ನಾನು ಹೇಳೇ ಇಲ್ಲ. ಮೂರು ಬೆರಳು ಅಂದೆ. ಆರು ಮಾಡಿದ್ದು ಅವರು."

"ಸುಳ್ಳು!" ಡಾಕ್ಟರು ಎದ್ದು ನಿಂತರು. "ಸ್ವಾಮಿ, ನಾನೇ ಖುದ್ದಾಗಿ ಅಳೆದಿದ್ದು."

"ಫೋಟೋ ಇದೆ ಸ್ವಾಮಿ," ಎಂದಳು ಸೂಜಿ ನ್ಯಾಯಾಧೀಶರಿಗೆ. "ಪೊಲೀಸರೇ ತೆಗೆದದ್ದು. ಗಾಯದ ಮೇಲೆ ಕೈಯಿರೋ ಫೋಟೋ."

ಫೈಲು ಬಿಚ್ಚಿದರು. ಐದನೇ ಫೋಟೋ. ಒಂದು ವರ್ಷದಿಂದ ಅಲ್ಲೇ ಇತ್ತು, ಯಾರೂ ಕಣ್ಣು ಹಾಯಿಸಿರಲಿಲ್ಲ. ನ್ಯಾಯಾಧೀಶರು ಕನ್ನಡಕ ಏರಿಸಿ ಫೋಟೋ ನೋಡಿದರು. ಡಾಕ್ಟರ ಕೈ ನೋಡಿದರು. ಮತ್ತೆ ಫೋಟೋ ನೋಡಿದರು.

"ಡಾಕ್ಟರೇ, ಕೈಗೆ ಎರಡು ಕೆಂಪು ರಬ್ಬರ್ ಬ್ಯಾಂಡ್ ಹಾಕಿಕೊಳ್ಳೋ ಅಭ್ಯಾಸ ಇದೆಯಾ ನಿಮಗೆ?"

ಸೂಜಿ ತನ್ನ ಕೈ ಎತ್ತಿ ತೋರಿಸಿದಳು. ಎರಡು ಕೆಂಪು ಬ್ಯಾಂಡು. ಕೋರ್ಟು ಗೊಳ್ಳೆಂದಿತು. ಟೈಪಿಸ್ಟ್ ಕೂಡ ಕೀಲಿಮಣೆ ಬಿಟ್ಟು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಬೆರಳಲ್ಲಿ ಅಳೆಯೋದೂ ಒಂದು ಅಳತೆನಾ ಸ್ವಾಮಿ?" ವಕೀಲರ ದನಿ ಏರಿತು. "ಇದು ಕೋರ್ಟು, ಅಡುಗೆಮನೆಯಲ್ಲ!"

"ಅಡುಗೆಮನೇಲಿ ನಮ್ಮತ್ತೆ ಒಪ್ಪಲ್ಲ ಸಾರ್. ಯಾರ ಬೆರಳು ಅಂತ ಕೇಳ್ತಾರೆ. ನಿಮ್ಮ ಕೋರ್ಟಲ್ಲಿ ಒಂದು ವರ್ಷದಿಂದ ಒಬ್ಬರೂ ಕೇಳಿಲ್ಲ."

ಬ್ಯಾಗಿನಿಂದ ಗ್ಲೌಸು ತೆಗೆದು, ಸಮನ್ಸ್ ಹೊರಗೆಳೆದು, ಕೈಗೆ ಹಾಕಿ ತೋರಿಸಿದಳು. ರಬ್ಬರು ಜೋತಾಡಿತು. "ಇದು ನನ್ನ ಗಂಡನ ಅಳತೆ. ಬೆರಳಿಗೆ ಎರಡು ಸೆಂಟಿಮೀಟರ್ ಅನ್ನೋದು ಅವರ ಬೆರಳಿನ ಲೆಕ್ಕ. ಅವರು ಸತ್ತು ಆರು ವರ್ಷ ಆಯ್ತು. ಕುರ್ಚೀಲಿ ಕೂತೋರಿಗೆ ಒಳಗಿರೋ ಕೈ ಯಾರದ್ದು ಅಂತ ಗೊತ್ತಿರಲಿಲ್ಲ ಸ್ವಾಮಿ. ಬಾಗಿಲು ದಾಟಿದ್ದರೆ ಗೊತ್ತಾಗ್ತಿತ್ತು."

ನ್ಯಾಯಾಧೀಶರು ಸ್ಕೇಲು ತರಿಸಿದರು. ಸೂಜಿಯ ಮೂರು ಬೆರಳು ಅಳೆದರು. ನಾಲ್ಕೂವರೆ.

"ಇನ್ನೊಂದು ಮಾತು," ಎಂದಳು ಅವಳು. ಎಡಗೈಯನ್ನು ತಲೆಯ ಮುಂದೆ ಅಡ್ಡ ಹಿಡಿದಳು. "ಒಂದು ಏಟು ಇಲ್ಲಿತ್ತು, ಮುಂಗೈ ಮೇಲೆ. ಹೊಡೀಬೇಡಿ ಅಂತ ಕೈ ಹಿಂಗೆ ಅಡ್ಡ ಹಿಡಿದಾಗ ಬೀಳೋ ಜಾಗ. ಮೆಟ್ಟಿಲು ಎದ್ದು ಬಂದು ಹೊಡೀತಾ ಸಾರ್?"

ಹಿಂದಿನ ಸಾಲಿನಲ್ಲಿ ಲಾಂಡ್ರಿಯಮ್ಮ ತನ್ನ ಎಡ ಮುಂಗೈಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಕೊನೆಗೆ ಅವಳ ಹೇಳಿಕೆಯನ್ನು ಗುಮಾಸ್ತರು ಓದಿ ಹೇಳಿದರು. ಸಹಿ ಹಾಕು ಎಂದು ಪೆನ್ನು ಕೊಟ್ಟರು. ಸೂಜಿ ಪೆನ್ನು ಮುಟ್ಟಲಿಲ್ಲ.

"‘ಡಾಕ್ಟರು ಪರೀಕ್ಷೆ ಮಾಡುವಾಗ ಸಹಾಯ ಮಾಡಿದೆ’ ಅಂತ ಓದಿದ್ರಲ್ಲ, ಅದನ್ನ ಹೊಡೆದು ಹಾಕಿ."

"ನೀನೇ ಹೌದು ಅಂದೆಯಲ್ಲಮ್ಮ."

"ಅದು ನಿನ್ನೆ ಕಲಿಸಿ ಕಳಿಸಿದ್ದ ಹೌದು. ವಾಪಸ್ ತಗೋತೀನಿ. ಪರೀಕ್ಷೆ ಮಾಡಿದ್ದು ನಾನು. ಸಹಾಯ ಮಾಡಿದ್ದು ಅವರು, ಬರೆದುಕೊಂಡು. ಬರೆದದ್ದೂ ತಪ್ಪು."

ಹೊಡೆದು ಹಾಕಿದರು. ಸಹಿ ಹಾಕಿದಳು.

ತೀರ್ಪು ಬರಲು ಇನ್ನೂ ಒಂದೂವರೆ ತಿಂಗಳು ಹಿಡಿಯಿತು. ಕಂಟ್ರಾಕ್ಟರನಿಗೆ ಜೀವಾವಧಿ. ಅದರಲ್ಲಿ ಐದನೇ ಫೋಟೋದ ಬಗ್ಗೆಯೇ ಎರಡು ಪುಟವಿತ್ತಂತೆ. ಆ ಮಧ್ಯಾಹ್ನ ಲಾಂಡ್ರಿಯಮ್ಮ ಎಂದಿನಂತೆ ಬಂದು ಪಕ್ಕ ಕೂತಳು. ಡಬ್ಬಿ ಬಿಚ್ಚಿದಳು. ಎರಡು ತುತ್ತು ತಿಂದಳು. ಆಮೇಲೆ ಸೂಜಿಯ ಆ ಮೂರು ಬೆರಳನ್ನು ಕಣ್ಣಿಗೊತ್ತಿಕೊಂಡು, ಒಂದು ವರ್ಷದಿಂದ ಬಾರದ ಅಳುವನ್ನು ಅತ್ತಳು. ಸೂಜಿಯೂ ಅತ್ತಳು. ಸೂಜಿಯ ಖಾಯಂ ಆರ್ಡರಿನ ಫೈಲು ಎಲ್ಲೋ ಕಳೆದುಹೋಗಿದೆ ಎಂದು ಆಫೀಸಿನಿಂದ ಸುದ್ದಿ ಬಂದದ್ದೂ ಅಂದೇ.

ಇಲ್ಲಿಗೆ ಎಲ್ಲರೂ ಬುದ್ಧಿ ಕಲಿತರು ಎಂದುಕೊಂಡರೆ ಕುರ್ಚಿಯ ಮಹಿಮೆ ನಿಮಗೆ ಗೊತ್ತಿಲ್ಲ. ಮಾರನೇ ದಿನ ಬೆಳಿಗ್ಗೆ ಮೇಜಿನ ಮೇಲೆ ಒಬ್ಬ ಗಾರೆ ಕೆಲಸದವನು, ತಲೆ ಒಡೆದು ಸತ್ತವನು. ಮನೆಯವರು ಗೇಟಿನ ಹತ್ತಿರ ಕಾಯುತ್ತಿದ್ದರು. ಫ್ಯಾನಿನ ಕೆಳಗೆ ಡಾಕ್ಟರು, ಮೂಗಿಗೆ ಕರ್ಚೀಫು. ಕೋರ್ಟು ಅವರಿಗೆ ಛೀಮಾರಿ ಹಾಕಿತ್ತು. ಅದಕ್ಕೆ ಅವರು ಒಂದು ಪರಿಹಾರ ಕಂಡುಕೊಂಡಿದ್ದರು. ಮೇಜಿನ ಮೇಲಿನ ಸ್ಕೇಲನ್ನು ತಂದು ಬಾಗಿಲೊಳಗೆ ಎಸೆದರು.

"ಇನ್ನು ಮೇಲೆ ಅದರಲ್ಲಿ ಅಳೆದು ಹೇಳು."

ಸೂಜಿ ಸ್ಕೇಲನ್ನು ಎತ್ತಿಕೊಂಡಳು. ಒರೆಸಿದಳು. ತಂದು ಹೊಸ್ತಿಲ ಮೇಲಿಟ್ಟಳು. ಹಿಂದಕ್ಕೆ ಹೋಗಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಳು.

"ಏನಾಯ್ತು? ಶುರು ಮಾಡು."

"ನೀವು ಬನ್ನಿ ಸಾರ್. ಅಚ್ಚಾದ ಸಾಲಿದೆಯಲ್ಲ, ಖುದ್ದಾಗಿ ಅಂತ."

"ಕೆಲಸ ಹೋಗತ್ತೆ ನಿಂದು!"

"ಹೋಗಲಿ. ಆಮೇಲೆ ಕೊಯ್ಯೋರು ಯಾರು? ನೀವೇ ಒಳಗೆ ಬರಬೇಕಾಗತ್ತೆ. ಅದರ ಬದಲು ಈಗಲೇ ಬನ್ನಿ, ಒಂದು ಮೆಮೋ ಬರೆಯೋ ಶ್ರಮ ಉಳಿಯತ್ತೆ."

ಫ್ಯಾನು ತಿರುಗಿತು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಗೇಟಿನ ಹತ್ತಿರದಿಂದ ಸತ್ತವನ ತಮ್ಮ ಬಂದು, ಇನ್ನೂ ಎಷ್ಟೊತ್ತಾಗತ್ತೆ ಎಂದು ಕೇಳಿದ. "ಡಾಕ್ಟರನ್ನ ಕೇಳಪ್ಪ," ಎಂದು ಸೂಜಿ ಒಳಗಿನಿಂದಲೇ ಹೇಳಿದಳು, "ಅವರು ಬಂದ ತಕ್ಷಣ ಶುರು." ಅವನು ಡಾಕ್ಟರ ಮುಖ ನೋಡುತ್ತಾ ಅಲ್ಲೇ ನಿಂತ. ಅಲುಗಾಡಲಿಲ್ಲ.

ಡಾಕ್ಟರು ಎದ್ದರು. ಹೊಸ್ತಿಲ ತನಕ ಬಂದರು. ನಿಂತರು. ಬಗ್ಗಿ ಸ್ಕೇಲು ಎತ್ತಿಕೊಂಡು ಒಳಗೆ ಕಾಲಿಟ್ಟರು. ಬಲಗೈಯಲ್ಲಿ ಸ್ಕೇಲು, ಎಡಗೈಯಲ್ಲಿ ಕರ್ಚೀಫು.

"ಎರಡೂ ಕೈ ಬೇಕು ಸಾರ್," ಎಂದಳು ಸೂಜಿ.

ಕರ್ಚೀಫು ಜೇಬಿಗೆ ಹೋಯಿತು. ಅವಳು ಹೊಸ ಪ್ಯಾಕೆಟ್ ಹರಿದು ಗ್ಲೌಸು ಬಿಡಿಸಿ ಹಿಡಿದಳು. ಡಾಕ್ಟರು ಕೈ ತೂರಿಸಿದರು. ಎಂಟನೇ ನಂಬರು. ಎಲ್ಲೂ ಜೋಲಲಿಲ್ಲ, ಎಲ್ಲೂ ಬಿಗಿಯಲಿಲ್ಲ. ಬೆರಳಿಗೆ ಬೆರಳು ಕೂತಿತು. ಆರು ವರ್ಷದಿಂದ ಉಗ್ರಾಣದವರು ಈ ಗ್ಲೌಸುಗಳನ್ನು ಯಾರ ಕೈಗೆಂದು ಕಳಿಸುತ್ತಿದ್ದರು ಎನ್ನುವುದು ಸೂಜಿಗೆ ಅವತ್ತು ಗೊತ್ತಾಯಿತು.